ಉಳದ ಅರ್ಧ

ಮುದ್ದನದೊಡ್ಡಿಯ ಜಡೇಸ್ವಾಮಿಗೆ ಉಳುಮೆಯ ಚಟವಿತ್ತು. ಬೇರೆಯವರಿಗೆ ಬೀಡಿಯದೋ ಇಸ್ಪೀಟಿನದೋ ಇರುವ ಹಾಗೆ ಇವನಿಗೆ ನೇಗಿಲಿನದು. ರಾಗಿ ಹೊಲಕ್ಕೆ ಇಷ್ಟು ಸಾಕು ಎಂದು ಊರವರೆಲ್ಲ ನೇಗಿಲು ತೊಳೆದು ಅಟ್ಟಕ್ಕೇರಿಸಿದ ಮೇಲೂ ಇವನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಉತ್ತು, ಬದುವಿನ ಮೇಲೆ ನಿಂತು ಸಾಲು ನೋಡಿ, ಎಲ್ಲೋ ಕೊಂಚ ಸೊಟ್ಟ ಕಂಡಿತೆಂದು ಮತ್ತೆ ಎತ್ತು ಹೂಡುತ್ತಿದ್ದ. ಅವನ ಹೊಲ, ತಮಿಳುನಾಡಿನ ಗಡಿಯೊಳಗೆ, ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸಿನ ದಾರಿಗೇ ಅಂಟಿಕೊಂಡಿತ್ತು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ, "ಯಾರ್ದಪ್ಪ ಈ ಒಲ, ತಲ ಬಾಚ್ದಂಗ್ ಅದ" ಅನ್ನುತ್ತಿದ್ದರು. ಆ ಮಾತು ಹೇಗೋ ಸುತ್ತಿ ಬಳಸಿ ಇವನ ಕಿವಿಗೆ ಬೀಳುತ್ತಿತ್ತು. ಬಿದ್ದ ದಿನ ಜಡೇಸ್ವಾಮಿ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಣ್ಣುತ್ತಿದ್ದ.

ದಾರಿಗೆ ಕಾಣುವ ಹೊಲ ಎಂಬ ಕಾರಣಕ್ಕೇ ಆಲಿವ್ ಯೋಜನೆಯವರ ಕಣ್ಣಿಗೂ ಅದೇ ಬಿತ್ತು. ಅದು ಎಮರ್ಜೆನ್ಸಿಯ ಕಾಲ. ಯಾವ ಯೋಜನೆ ಯಾಕೆ ಬಂತು ಎಂದು ಕೇಳುವ ಅಭ್ಯಾಸ ಜನಕ್ಕೆ ತಪ್ಪಿಹೋಗಿತ್ತು. ಒಂದು ಬೆಳಗ್ಗೆ ತಂಗವೇಲು ಎಂಬ ತೆಳ್ಳಗಿನ ಆಫೀಸರೊಬ್ಬ ಸತ್ಯಮಂಗಲದಿಂದ ದಿಂಬಂ ಘಾಟಿ ಹತ್ತಿ ಬಂದು, ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಿಳಿಚಿದ ಮುಖದಲ್ಲೇ, ಚಾವಡಿಯ ಮುಂದೆ ಊರವರನ್ನು ಕೂಡಿಸಿದ. ಬೆಟ್ಟದ ಎಣ್ಣೆಮರ ಯೋಜನೆ ಎಂಬುದೊಂದು ಬಂದಿದೆ, ಇಲ್ಲಿ ಆಲಿವ್ ಮರ ಬೆಳೆಸುತ್ತೇವೆ ಎಂದು ತನ್ನ ಹರುಕು ಕನ್ನಡದಲ್ಲಿ ಸಾರಿದ.

ಊರವರಿಗೆ ಅದು ಆಲದ ಮರ ಎಂದು ಕೇಳಿಸಿತು.

"ಒಲದ್ ತುಂಬ ಆಲದ್ ಮರ ನೆಟ್ರೆ ನಾವು ಎಲ್ಲಿ ಗೇಯದು ಸಾ?" ಎಂದು ಜಡೇಸ್ವಾಮಿಯ ಪಕ್ಕದ ಹೊಲದ ಬಿಳಿಗಿರಿ ಕೇಳಿದ. "ಮರದ್ ಮ್ಯಾಲ?"

"ಆಲಮರಂ ಇಲ್ಲ ಐಯಾ. ಆಲಿವ್. ಇದರ ಕಾಯಿ ಹಿಂಡಿದರೆ ಎಣ್ಣೆ ಬರುತ್ತೆ."

"ಆಲದ್ ಕಾಯಲ್ಲಿ ಎಣ್ಣೆನಾ?"

ತಂಗವೇಲು ಚೀಲದಿಂದ ಒಂದು ಚಿತ್ರ ತೆಗೆದು ಕೈಯಿಂದ ಕೈಗೆ ಕೊಟ್ಟ. ಚಿತ್ರದಲ್ಲಿ ಒಂದು ಗಿಡ್ಡ ಮರ, ಅದರ ಪಕ್ಕ ಟೊಪ್ಪಿ ಹಾಕಿಕೊಂಡ ಒಬ್ಬ ಬಿಳಿಯ ಮನುಷ್ಯ. ಜನ ಮರಕ್ಕಿಂತ ಟೊಪ್ಪಿಯನ್ನೇ ಹೆಚ್ಚು ನೋಡಿ ವಾಪಸು ಕೊಟ್ಟರು.

ಈ ತಾಳವಾಡಿ ಸೀಮೆಯಲ್ಲೇ ಅಚ್ಚುಕಟ್ಟಾದ ಹೊಲ ನಿಮ್ಮದು ಎಂದು ತಂಗವೇಲು ಹೇಳಿದ್ದೇ ತಡ, ಜಡೇಸ್ವಾಮಿ ಮುಂದಿನದನ್ನು ಕೇಳದೆ ಒಪ್ಪಿಬಿಟ್ಟ. ಮುಂದಿನದು ಗೊತ್ತಾದದ್ದು ಹೊಲದ ನಡುವೆ ನಿಂತ ಮೇಲೆ. ಆಲಿವ್ ಬೆಳೆಯುವ ದೇಶಗಳಲ್ಲಿ ಎರಡು ಪಂಗಡವಿದೆಯಂತೆ. ಮರಗಳ ನಡುವೆ ಉಳಬೇಕು, ಇಲ್ಲದಿದ್ದರೆ ಕಳೆ ನೀರು ಕುಡಿಯುತ್ತದೆ ಅನ್ನುವವರು ಒಂದು. ಉಳಲೇಬಾರದು, ಮಣ್ಣಿಗೆ ಹಸಿರು ಹೊದಿಸಿ ಬಿಡಬೇಕು ಅನ್ನುವವರು ಇನ್ನೊಂದು. ಈ ಬೆಟ್ಟಕ್ಕೆ ಯಾವುದು ಸರಿ ಎಂದು ನೋಡಬೇಕಾದರೆ ಒಂದೇ ಹೊಲದಲ್ಲಿ ಎರಡನ್ನೂ ಮಾಡಬೇಕು. ತಂಗವೇಲು ಹೊಲದ ಮಧ್ಯಕ್ಕೆ ಒಂದು ಹಗ್ಗ ಎಳೆದು ಕಟ್ಟಿದ.

"ಈ ಮೂಡಲ ಭಾಗ ನೀವು ಉಳಬಹುದು. ಮರದ ಸುತ್ತ ಮಾತ್ರ ಮೇಲ್ಮೇಲೆ. ಈ ಪಡುವಲ ಭಾಗ ಉಳಬಾರದು."

"ಎಲ್ಲಿಗಂಟ ಸಾ?"

"ಯಾವಾಗಲೂ."

"ಯಾವಾಗ್ಲೂ ಅಂದ್ರ?"

"ನೇಗಿಲು ಹಗ್ಗ ದಾಟಕೂಡದು. ಹುಲ್ಲು ಬೆಳೀಲಿ. ನಡುವೆ ಹುರುಳಿ ಚೆಲ್ಲಿ. ಬೆಳೆದದ್ದನ್ನ ಕುಯ್ದು ಅಲ್ಲೇ ನೆಲಕ್ಕೆ ಹಾಸಿ."

ಅರ್ಧ ಮೀಸೆ ಬೋಳಿಸಿಕೊಳ್ಳಬೇಕು ಎಂದು ಯಾರೋ ಹೇಳಿದ ಹಾಗೆ ಜಡೇಸ್ವಾಮಿ ಆಫೀಸರ ಮುಖ ನೋಡಿದ. ಆದರೆ ಒಪ್ಪಿಯಾಗಿತ್ತು. ಚಾವಡಿಯ ಮುಂದೆ ಆಡಿದ ಮಾತನ್ನು ಹೊಲದಲ್ಲಿ ತಿನ್ನುವುದು ಅವನಿಂದ ಆಗದು.

ಸಸಿಗಳು ಹಡಗಿನಲ್ಲಿ ಬರುತ್ತಿವೆ, ಅಲ್ಲಿಯವರೆಗೆ ಗುಂಡಿ ತೆಗೆದು, ಒಂದೊಂದು ಗುಂಡಿಗೂ ಗುರುತಿನ ಗೂಟ ನೆಡಬೇಕು ಎಂದ ತಂಗವೇಲು. ಜಡೇಸ್ವಾಮಿ ತನ್ನ ಬೇಲಿಯಿಂದಲೇ ಕಿಳುವೆಯ ಕೊಂಬೆಗಳನ್ನು ಕಡಿದು ನೆಟ್ಟ. ಕಿಳುವೆ ಅಂದರೆ ಆ ಕಡೆ ಬೇಲಿಗೆ ಹಾಕುವ ಮುಳ್ಳಿನ ಗಿಡ. ತಮಿಳಿನವರ ಹೆಸರು ಕನ್ನಡದವರ ಬಾಯಲ್ಲೂ ಹಾಗೇ ಉಳಿದುಕೊಂಡಿದೆ.

ಸಸಿಗಳು ಬರಲಿಲ್ಲ. ಅವಕ್ಕೇನಾದರೂ ರೋಗವಿದೆಯೇ ಎಂದು ನೋಡಲು ಮದರಾಸಿನ ಬಂದರಿನಲ್ಲಿ ಕೂಡಿಹಾಕಿದ್ದಾರೆ ಎಂಬ ಸುದ್ದಿ ಮಾತ್ರ ಬಂತು. ತಂಗವೇಲು ಎದೆಗುಂದುವ ಮನುಷ್ಯನಲ್ಲ. "ಪ್ರಶ್ನೆ ಇರೋದು ಮಣ್ಣಿಗೆ ಐಯಾ. ಮರ ಆಮೇಲೆ ಬಂದು ಸೇರಿಕೊಳ್ಳಲಿ" ಎಂದು ಪ್ರಯೋಗ ಶುರುಮಾಡಿಯೇಬಿಟ್ಟ. ಆಗಾಗ ತಾಳವಾಡಿಯಿಂದ ಬಂದು, ಒಂದೊಂದು ಗೂಟಕ್ಕೂ ಟೇಪು ಹಿಡಿದು ಎತ್ತರ ಅಳೆದು, "ಬೆಳವಣಿಗೆ ಇಲ್ಲ" ಎಂದು ಬೇಸರದ ದನಿಯಲ್ಲಿ ಹೇಳಿ, ಮುಂದಿನ ಗೂಟಕ್ಕೆ ಹೋಗುತ್ತಿದ್ದ.

ಮೂಡಲ ಅರ್ಧವನ್ನು ಜಡೇಸ್ವಾಮಿ ಇಲ್ಲದ ಮರಗಳ ಸುತ್ತ ಬಲು ಹುಷಾರಾಗಿ ಉತ್ತ. ಇಲ್ಲದ ಬೇರಿಗೆ ಕುಳ ತಾಗದ ಹಾಗೆ ಗೂಟದ ಹತ್ತಿರ ಮೇಣಿಯನ್ನು ತುಸು ಎತ್ತಿ ಹಿಡಿಯುವುದನ್ನೂ ಕಲಿತ. ಪಡುವಲ ಅರ್ಧದಲ್ಲಿ ಹುಲ್ಲು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ ಬಂತು. ಅವನು ಆ ಕಡೆ ಮುಖ ಹಾಕುವುದನ್ನೇ ಬಿಟ್ಟ.

ಬಸ್ಸಿನವರು ಮುಖ ಹಾಕುವುದನ್ನು ಬಿಡಲಿಲ್ಲ. ತಲೆ ಬಾಚಿದಂತಿದ್ದ ಹೊಲ ಅರ್ಧಕ್ಕೆ ಪಾಳು ಬಿದ್ದಿದೆ ಎಂದ ಮೇಲೆ ಅದಕ್ಕೊಂದು ಕಾರಣ ಬೇಕಲ್ಲ. ತಾಳವಾಡಿಯಲ್ಲಿ ಬಸ್ಸು ಹತ್ತಿದ ಮಾತು ಚಾಮರಾಜನಗರದಲ್ಲಿ ಇಳಿಯುವಷ್ಟರಲ್ಲಿ ಕೈಕಾಲು ಕಟ್ಟಿಕೊಂಡಿತ್ತು. ಒಂದು ಮಧ್ಯಾಹ್ನ ಜಡೇಸ್ವಾಮಿಯ ಬಾಮೈದ ಶಿವಶಂಕರಪ್ಪ ಒಂದು ಚೀಲ ಮೂಸಂಬಿ, ಒಂದು ಸೀಸೆ ಎಣ್ಣೆ ಹಿಡಿದು ಬಸ್ಸಿಳಿದು, ಅಳುತ್ತಲೇ ಅಂಗಳಕ್ಕೆ ಬಂದ. ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದ ಅಕ್ಕ ಶಿವನಂಜಮ್ಮನನ್ನು ಕಂಡು ಅಳು ಇನ್ನೂ ಜೋರಾಯಿತು.

"ಅಕ್ಕಾ, ಬಾವ್ನಿಗ ಇಂಗಾಗದ ಅಂತ ಒಂದ್ ಮಾತು ಏಳಿ ಕಳಿಸ್ಲಿಲ್ವಲ್ಲ ನೀನು."

"ಎಂಗಾಗದ?"

"ಎಡಗಡ ಲಕ್ವ ಒಡದದಂತಲ್ಲ. ಅದ್ಕೇ ಎಡದ್ ಒಲ ಉತ್ತಿಲ್ಲ ಅಂತ ಬಸ್ನೋರೆಲ್ಲ ಮಾತಾಡ್ತಾವ್ರ."

ಶಿವನಂಜಮ್ಮ ಮೊರ ಕೆಳಗಿಟ್ಟಳು. ಅಷ್ಟರಲ್ಲಿ ಜಡೇಸ್ವಾಮಿ ಹೆಗಲ ಮೇಲೆ ನೇಗಿಲು ಹೊತ್ತು, ಎತ್ತು ಹೊಡೆದುಕೊಂಡು ಅಂಗಳಕ್ಕೆ ಬಂದ. ನೇಗಿಲು ಎಡ ಹೆಗಲಿನ ಮೇಲೇ ಇತ್ತು. ಶಿವಶಂಕರಪ್ಪ ಎದ್ದು ನಿಂತು, ಭಾವನನ್ನು ಮೇಲಿಂದ ಕೆಳಗೆ ನೋಡಿದ. ಬದುಕಿದ್ದಾನಲ್ಲ ಎಂಬ ಸಮಾಧಾನಕ್ಕಿಂತ ಇಷ್ಟು ದೂರ ಅತ್ತುಕೊಂಡು ಬಂದದ್ದು ದಂಡವಾಯಿತಲ್ಲ ಎಂಬ ಸಂಕಟವೇ ಅವನ ಮುಖದಲ್ಲಿ ಹೆಚ್ಚಾಗಿತ್ತು.

"ಕೈ ಎತ್ತಿ ಬಾವ, ನೋಡವು."

ಜಡೇಸ್ವಾಮಿ ಎತ್ತಿದ.

"ಪೂರಾ ಎತ್ತಿ."

"ಪೂರಾ ಎತ್ತೇ ಅದ ಕಣಪ್ಪ."

"ಒಳಗೊಳ್ಗೇ ಸುರು ಆಗಿರ್ಬೋದು. ಪಂಡಿತ ಏಳಿ ಕೊಟ್ಟವ್ನ, ಎಣ್ಣ ನೀವ್ಬೇಕು ಅಂತ." ತಂದ ಎಣ್ಣೆಯನ್ನು ಹಾಗೇ ವಾಪಸು ಹೊತ್ತುಕೊಂಡು ಹೋಗಲು ಶಿವಶಂಕರಪ್ಪ ಸುತರಾಂ ಒಪ್ಪಲಿಲ್ಲ. ಎಣ್ಣೆಮರದ ಯೋಜನೆ, ಹಗ್ಗ, ಗೂಟ ಎಲ್ಲವನ್ನೂ ಜಡೇಸ್ವಾಮಿ ಬಿಡಿಸಿ ಹೇಳಿದ. ಅದಕ್ಕಿಂತ ಲಕ್ವವೇ ನಂಬುವ ಹಾಗಿದೆ ಎಂದು ಬಾಮೈದನಿಗೆ ಅನ್ನಿಸಿತು. ಕೊನೆಗೆ ಜಡೇಸ್ವಾಮಿ ಜಗಲಿಯ ಮೇಲೆ ಮಲಗಿದ. ಶಿವಶಂಕರಪ್ಪ ಎಡಗೈಗೂ ಎಡಗಾಲಿಗೂ ಸೀಸೆ ಮುಗಿಯುವ ತನಕ ನೀವಿ, ಮೂಸಂಬಿ ಹಣ್ಣಿನಲ್ಲಿ ಅರ್ಧವನ್ನು ತಾನೇ ತಿಂದು, ಸಂಜೆಯ ಬಸ್ಸಿಗೆ ಹೋದ.

ಅಂದಿನಿಂದ ಜಡೇಸ್ವಾಮಿಗೆ ಒಂದು ಹೊಸ ಕೆಲಸ ಅಂಟಿಕೊಂಡಿತು. ಹೊಲದಲ್ಲಿದ್ದಾಗ ಬಸ್ಸಿನ ಸದ್ದು ಕೇಳಿದರೆ ಸಾಕು, ದಾರಿಯ ಕಡೆ ತಿರುಗಿ ಎಡಗೈಯನ್ನು ಉದ್ದಕ್ಕೆ ಮೇಲೆತ್ತಿ, ಬಸ್ಸು ದಾಟುವ ತನಕ ಹಾಗೇ ನಿಲ್ಲುತ್ತಿದ್ದ. ಒಳಗಿರುವವರೆಲ್ಲ ನೋಡಲಿ, ಈ ಕೈಗೆ ಏನೂ ಆಗಿಲ್ಲ ಎಂದು. ಡ್ರೈವರಿಗೆ ಇದು ಹೇಗೆ ಗೊತ್ತಾಗಬೇಕು? ಕೈ ಕಂಡ ಕೂಡಲೇ ಅವನು ಬಸ್ಸು ನಿಲ್ಲಿಸುತ್ತಿದ್ದ.

"ಎಲ್ಲಿಗೆ?" ಕಂಡಕ್ಟರು ಬಾಗಿಲಿನಿಂದ ಕೂಗುತ್ತಿದ್ದ.

"ಎಲ್ಲಿಗೂ ಇಲ್ಲ. ಓಗಿ."

"ಮತ್ತೆ ಕೈ ಯಾಕೆ ತೋರಿಸಿದೆ?"

"ಕೈ ಅದ ಅಂತ ತೋರ್ಸ್ದೆ."

ಮೊದಮೊದಲು ಕಂಡಕ್ಟರು ಬೈದ. ಬಸ್ಸು ಹೇಗೂ ನಿಲ್ಲುತ್ತದಲ್ಲ ಎಂದು ಅಕ್ಕಪಕ್ಕದ ದೊಡ್ಡಿಗಳವರು ಅಲ್ಲಿಗೇ ಬಂದು ಹತ್ತತೊಡಗಿದರು, ಅಲ್ಲೇ ಇಳಿಯತೊಡಗಿದರು. ಕೆಲವು ತಿಂಗಳಲ್ಲಿ ಅದಕ್ಕೆ ಎಣ್ಣೆಮರದ ಸ್ಟಾಪು ಎಂಬ ಹೆಸರೂ ಬಿತ್ತು. ಅಲ್ಲಿ ಇಳಿದವರು ಮರ ಎಲ್ಲಿ ಎಂದು ಕೇಳಿದರೆ ಊರವರು ಗೂಟ ತೋರಿಸುತ್ತಿದ್ದರು.

ಹೊರಗಿನ ಮಾತು ಹೀಗೆ ಒಂದು ದಾರಿಗೆ ಬಂದರೂ ಒಳಗಿನ ತುರಿಕೆ ನಿಲ್ಲಲಿಲ್ಲ. ದಿನಾ ಬೆಳಗ್ಗೆ ಹಗ್ಗದ ಹತ್ತಿರ ಎತ್ತು ತಿರುಗಿಸುವಾಗ ಅವನ ಅಂಗೈ ಬೆಚ್ಚಗಾಗುತ್ತಿತ್ತು. ಒಂದು ದಿನ ಹದವಾದ ಮಳೆ ಬಿದ್ದ ಮಾರನೆಯ ಬೆಳಗ್ಗೆ, ಎತ್ತು ತಿರುಗಲಿಲ್ಲವೋ ಇವನು ತಿರುಗಿಸಲಿಲ್ಲವೋ, ನೇಗಿಲು ಹಗ್ಗದ ಅಡಿ ನುಗ್ಗಿ ಪಡುವಲ ಅರ್ಧಕ್ಕೆ ಹೋಯಿತು. ಹುಲ್ಲಿನ ಬುಡ ಕಿತ್ತು ಮಣ್ಣು ಕರ್ರಗೆ ಮಗುಚಿಕೊಂಡು ಬಿತ್ತು. ಜಡೇಸ್ವಾಮಿ ಆ ಕೊನೆಯ ತನಕ ಹೋದ. ಒಂದೇ ಸಾಲು, ನೂಲು ಹಿಡಿದಂತೆ ನೆಟ್ಟಗೆ. ತಿರುಗಿ ನೋಡಿ ಅವನಿಗೆ ಕಣ್ಣು ತುಂಬಿ ಬಂತು.

ಅದೇ ಹೊತ್ತಿಗೆ ಬಸ್ಸಿನಿಂದ ತಂಗವೇಲು ಇಳಿದ.

ಅವನು ಬೈಯಲಿಲ್ಲ. ಸಾಲಿನ ತುದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮಗುಚಿದ ಮಣ್ಣನ್ನು ಬಹಳ ಹೊತ್ತು ನೋಡಿದ. ಯಾರದೋ ಹೆಣದ ಪಕ್ಕ ಕೂತವನಂತೆ ಕಂಡ. ಆಮೇಲೆ ಮೆಲ್ಲಗೆ, "ಇದನ್ನ ಮೊದಲಿನಂಗೆ ಮಾಡಬೇಕು ಐಯಾ" ಎಂದ.

"ಎಂಗ್ ಸಾ?"

"ಉಳದೆ ಇದ್ದಂಗೆ."

ಉತ್ತದ್ದನ್ನು ಉಳದಂತೆ ಮಾಡುವ ಕೆಲಸವನ್ನು ಆ ಬೆಟ್ಟದಲ್ಲಿ ಅದುವರೆಗೆ ಯಾರೂ ಮಾಡಿರಲಿಲ್ಲ. ಹೇಗೆಂದು ಕೇಳಲು ಒಬ್ಬ ಹಿರಿಯನೂ ಸಿಗುವ ಹಾಗಿರಲಿಲ್ಲ. ಹುಲ್ಲಿಗೆ ಬಂದ ಶಿವನಂಜಮ್ಮನೂ ಸೇರಿ ಮೂವರೂ ಒಂದು ಉಪಾಯ ಮಾಡಿಕೊಂಡರು. ಜಡೇಸ್ವಾಮಿ ಮಣ್ಣುಹೆಂಟೆಯನ್ನು ಎತ್ತಿ ಸಾಲಿಗೆ ವಾಪಸು ಇಡುವುದು, ಶಿವನಂಜಮ್ಮ ಕಿತ್ತುಬಿದ್ದ ಹುಲ್ಲಿನ ಬುಡವನ್ನು ಅದರ ಮೇಲೆ ಕೂರಿಸುವುದು, ತಂಗವೇಲು ಚಪ್ಪಲಿ ಕಳಚಿಟ್ಟು ಬರಿಗಾಲಿನಲ್ಲಿ ಮೆತ್ತಗೆ ತುಳಿಯುತ್ತ ಬರುವುದು. ಬಿಳಿಗಿರಿ ಬದುವಿನ ಮೇಲೆ ನಿಂತು ಬೀಡಿ ಹಚ್ಚಿ, ಬೀಡಿ ಮುಗಿದರೂ ನಿಂತೇ ಇದ್ದ.

"ಏನ್ಲಾ ಜಡೇಸ್ವಾಮಿ, ಏನ್ ಮಾಡ್ತಿದ್ದಯ್ಲಾ?" ಎಂದು ಕೊನೆಗೆ ತಡೆಯಲಾರದೆ ಕೇಳಿದ.

"ನೆನ್ನ ದಿನ ಮಾಡ್ತಾ ಇವ್ನಿ ಕಣ" ಎಂದ ಜಡೇಸ್ವಾಮಿ ತಲೆ ಎತ್ತದೆ. ಸಿಟ್ಟಿನಲ್ಲಿ ಬಂದ ಮಾತು. ತಂಗವೇಲು ಮಾತ್ರ, "ಸರಿಯಾಗಿ ಹೇಳಿದಿರಿ ಐಯಾ" ಎಂದು ತಲೆದೂಗಿ ತುಳಿಯುತ್ತ ಮುಂದೆ ಹೋದ.

ಮರುವರ್ಷದ ಮೊದಲ ಮಳೆಗೆ ಗೂಟಗಳು ಚಿಗುರಿದವು.

ಕಿಳುವೆ ಹಾಗೆಯೇ, ನೆಟ್ಟಲ್ಲಿ ಬೇರು ಬಿಡುವ ಜಾತಿ. ಅದಕ್ಕೇ ಅಲ್ಲವೇ ಬೇಲಿಗೆ ಹಾಕುವುದು. ಆದರೆ ತಂಗವೇಲು ಟೇಪು ಹಿಡಿದು ಮೊದಲ ಗೂಟದ ಮುಂದೆ ನಿಂತವನು ನಕ್ಕ. ಅವನ ಹಲ್ಲನ್ನು ಜಡೇಸ್ವಾಮಿ ಕಂಡದ್ದು ಅದೇ ಮೊದಲು.

"ಸಾ, ಇದು ಬೇಲಿ ಕಿಳುವ" ಎಂದ ಜಡೇಸ್ವಾಮಿ, ಇವನಿಗೆಲ್ಲಿ ಮರೆತುಹೋಯಿತೋ ಎಂಬ ಅನುಮಾನದಿಂದ.

"ಗೊತ್ತು ಐಯಾ. ಆದರೂ ಬೆಳೀತಾ ಇದೆಯಲ್ಲ. ಇಷ್ಟು ದಿವಸ ಇಲ್ಲ ಇಲ್ಲ ಅಂತ ಹೇಳಿ ಹೇಳಿ ನನಗೆ ಸಾಕಾಗಿತ್ತು."

ಅಳೆದದ್ದರಲ್ಲಿ ಒಂದು ಸಂಗತಿ ಹೊರಗೆ ಬಂತು. ಹಗ್ಗದ ಆಚೆ, ಉಳದ ಅರ್ಧದ ಗೂಟಗಳ ಚಿಗುರು ಗೇಣುದ್ದ. ಹಗ್ಗದ ಈಚೆ, ಉತ್ತ ಅರ್ಧದಲ್ಲಿ ಬೆರಳುದ್ದ. ಉಳುಮೆಗೆ ಎಳೆಬೇರು ತುಂಡಾಗಿರಬೇಕು ಎಂದ ತಂಗವೇಲು. ಜಡೇಸ್ವಾಮಿಗೆ ಕಪಾಳಕ್ಕೆ ಬಿಗಿದಂತಾಯಿತು. ಅಪ್ಪನ ಕಾಲದಿಂದ ಉತ್ತ ಮಣ್ಣು ಒಂದು ಬೇಲಿ ಕಡ್ಡಿಯ ಮುಂದೆ ತನ್ನ ಮಾನ ಕಳೆಯಿತಲ್ಲ. ಮಾರನೆಯ ದಿನ ತಿಪ್ಪೆಯಿಂದ ಮಂಕರಿ ಮಂಕರಿ ಗೊಬ್ಬರ ಹೊತ್ತು ತನ್ನ ಅರ್ಧದ ಗೂಟಗಳಿಗೆ ಸುರಿದ. ಬಿಂದಿಗೆಯಲ್ಲಿ ನೀರು ಹೊತ್ತ. ಮಣ್ಣು ಇನ್ನೂ ನುಣ್ಣಗಾದರೆ ಸರಿಹೋದೀತು ಎಂದು ಇನ್ನೆರಡು ಸಲ ಉತ್ತು, ಇದ್ದ ಬೇರನ್ನೂ ಕಿತ್ತು, ಒಂದು ಗೂಟವನ್ನು ಬುಡಸಮೇತ ಕೆಡವಿದ.

ಶಿವನಂಜಮ್ಮ ಎಮ್ಮೆಯ ಮೈ ತೊಳೆಯುತ್ತ ಎಮ್ಮೆಗೆ ಹೇಳುವ ಹಾಗೆ ಹೇಳಿದಳು: "ಬೇಲಿ ಕಡ್ಡಿಗ ಗೊಬ್ರ ಸುರೀತಾವ್ರ ಕಣವ್ವ. ನನ್ ಸೊಪ್ಪಿನ್ ಮಡಿಗ ಒಂದ್ ಮಂಕ್ರಿ ಆಕಿ ಅಂತ ಓದೊರ್ಸದಿಂದ ಕೇಳ್ತಾ ಇವ್ನಿ."

ಆಕೆಗೆ ಈ ಯೋಜನೆ ಒಗ್ಗಿಹೋಗಿತ್ತು. ಮೊದಲೆಲ್ಲ ಹುಲ್ಲಿಗೆ ಕಾಡಂಚಿನ ತನಕ ಹೋಗಬೇಕಿತ್ತು. ಆನೆ ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕುಯ್ಯಬೇಕಿತ್ತು. ಈಗ ಮನೆಯ ಹಿಂದಿನಿಂದ ನಾಲ್ಕು ಹೆಜ್ಜೆ. ಕುಯ್ದದ್ದನ್ನು ಅಲ್ಲೇ ಹಾಸಿ ಎಂದು ಆಫೀಸರು ಹೇಳಿದ್ದನಲ್ಲ, ಅವನು ಬರುವ ದಿನ ಹಾಸುತ್ತಿದ್ದಳು. ಮಿಕ್ಕ ದಿನ ಎಮ್ಮೆಯ ಮುಂದೆ ಹಾಸುತ್ತಿದ್ದಳು. ಹುರುಳಿಯೂ ಚೆನ್ನಾಗಿ ಕಾಯಿ ಕಚ್ಚಿತ್ತು.

ಮತ್ತೊಂದು ಮಳೆಗಾಲ ಕಳೆಯುವಷ್ಟರಲ್ಲಿ ಕಿಳುವೆ ಆಳೆತ್ತರ ಬೆಳೆದು, ಅಲ್ಲಲ್ಲಿ ಬಟಾಣಿ ಗಾತ್ರದ ಹಸಿರು ಕಾಯಿಯನ್ನೂ ಬಿಟ್ಟಿತು. ಆಗಲೇ ಯೋಜನೆಯ ದೊಡ್ಡ ಸಾಹೇಬರು ಜೀಪಿನಲ್ಲಿ ನೋಡಲು ಬಂದರು. ದಪ್ಪನೆಯ, ಸಮಾಧಾನದ ಮನುಷ್ಯ. ಕಾಯಿ ಕಿತ್ತು ಮೂಗಿಗೆ ಹಿಡಿದು, ಇನ್ನೂ ಬಲಿಯಬೇಕು ಎಂದರು. ತಂಗವೇಲು ಬಹಳ ಒದ್ದಾಡಿದ. ಬೆವರು ಒರೆಸಿಕೊಂಡ. ಆಮೇಲೆ, ಸಾರ್, ಇದು ಆಲಿವ್ ಅಲ್ಲ, ಗುರುತಿಗೆ ನೆಟ್ಟ ಬೇಲಿ ಗೂಟ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಸಾಹೇಬರು ಕಾಯಿಯನ್ನು ನೋಡಿದರು, ತಂಗವೇಲುವನ್ನು ನೋಡಿದರು.

"ತಂಬಿ, ಇದನ್ನ ಆಲಿವ್ ಗುಂಡಿಯಲ್ಲಿ ನೆಟ್ಟದ್ದು ತಾನೇ?"

"ಹೌದು ಸಾರ್."

"ಬೇರು ಬಿಟ್ಟಿದೆ?"

"ಬಿಟ್ಟಿದೆ ಸಾರ್."

"ಕಾಯಿಯೂ ಬಿಟ್ಟಿದೆ. ಇಷ್ಟೆಲ್ಲ ಮಾಡಿದ ಮರಕ್ಕೆ ಈಗ ನೀನು ಅಲ್ಲ ಅಂದರೆ ಅದು ಎಲ್ಲಿಗೆ ಹೋಗಬೇಕು?" ಎಂದು ಅವರು ನಿಜವಾದ ಕಾಳಜಿಯಿಂದ ಕೇಳಿದರು.

ಸಾಹೇಬರು ಜಡೇಸ್ವಾಮಿಯ ಕಡೆ ತಿರುಗಿ, ಉತ್ತ ಭಾಗ ಮೇಲೋ ಉಳದ ಭಾಗ ಮೇಲೋ, ರೈತರ ಬಾಯಿಂದಲೇ ಬರಲಿ ಎಂದರು.

ಮರ ಬೇಲಿಯದಾದರೂ ಮಣ್ಣು ಜಡೇಸ್ವಾಮಿಯದು. ತನ್ನ ಅರ್ಧದಲ್ಲಿ ಗೊಬ್ಬರ ತಿಂದೂ ಸೊರಗಿ ನಿಂತ ಕಡ್ಡಿಗಳು ಎಲ್ಲರ ಕಣ್ಣಿಗೂ ಕಾಣುತ್ತಿದ್ದವು. ಬದುವಿನ ಮೇಲೆ ಬಿಳಿಗಿರಿ ನಿಂತಿದ್ದ, ಶಿವನಂಜಮ್ಮ ಕುಡುಗೋಲು ಹಿಡಿದು ನಿಂತಿದ್ದಳು. ಸುಳ್ಳು ಹೇಳಬಹುದಿತ್ತು. ಗೂಟವೇ ಮರವಾದ ಜಾಗದಲ್ಲಿ ಇನ್ನೊಂದು ಸುಳ್ಳು ಯಾರಿಗೂ ಭಾರವಾಗುತ್ತಿರಲಿಲ್ಲ. ಆದರೆ ಸಾಲು ಸೊಟ್ಟಗಿದ್ದರೆ ನೆಟ್ಟಗಿದೆ ಅನ್ನುವುದು ಅವನ ನಾಲಿಗೆಗೆ ಬರುತ್ತಿರಲಿಲ್ಲ.

"ಉಳ್ದೆ ಇರದೇ ಮೇಲು" ಎಂದ. ಅಂದು ನೆಲ ನೋಡಿದ.

ಜೀಪು ಹೊರಟು ಧೂಳು ಆರುವ ಮೊದಲೇ ಈ ಮಾತು ಬೆಟ್ಟದ ಮೇಲೆಲ್ಲ ಹರಡಿತು. ಉಳುಮೆ ಬೇಡ ಎಂದು ಜಡೇಸ್ವಾಮಿ ಸರ್ಕಾರಕ್ಕೆ ಹೇಳಿದನಂತೆ. ಜಡೇಸ್ವಾಮಿಯೇ ಹೇಳಿದ ಮೇಲೆ ಇನ್ನೇನು? ಹಾಸನೂರಿನ ಕಡೆಯಿಂದ ಒಬ್ಬ ಬಂದು, ಎತ್ತು ಮಾರಿಬಿಡಲೇ ಎಂದು ಕೇಳಿದ. ಸೋಮಾರಿ ಎಂದು ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದ ಇನ್ನೊಬ್ಬ ಬಾಳೆಗೊನೆ ತಂದು ಕಾಲಿಗೆ ಬಿದ್ದ. ಜಡೇಸ್ವಾಮಿ ಇಬ್ಬರನ್ನೂ ಅಟ್ಟಿ, ಹೋಗಿ ಎತ್ತಿನ ಕೊಟ್ಟಿಗೆಯಲ್ಲಿ ಕೂತ. ಅವನು ಹೇಳಿದ್ದು ಕಿಳುವೆಯ ಮಾತು. ರಾಗಿಗೆ ಉಳದೆ ಆದೀತೇ? ಆದರೆ ಅದನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

ನಿಜವಾದ ಸಸಿಗಳು ಬಂದದ್ದು ಇದೆಲ್ಲ ಆದ ಮೇಲೆ. ಯಾವ ರೋಗವೂ ಇಲ್ಲ ಎಂದು ಖಾತ್ರಿಯಾಗುವಷ್ಟರಲ್ಲಿ ಮುಕ್ಕಾಲು ಪಾಲು ಒಣಗಿಹೋಗಿದ್ದವು. ಲಾರಿಯಿಂದ ಇಳಿಸಿದ ತಗಡಿನ ಡಬ್ಬಗಳಲ್ಲಿ ಬದುಕಿದ್ದವು ಒಂದು ಹಿಡಿ, ಬೂದಿ ಬಣ್ಣದ ಸಣ್ಣ ಎಲೆಯವು. ನೆಡಲು ಗುಂಡಿಯಿಲ್ಲ. ಗುಂಡಿಗಳಲ್ಲಿ ಆಗಲೇ ಆಲಿವ್ ಕಾಯಿ ಬಿಡುತ್ತಿದೆ, ಹೊಸದಕ್ಕೆ ಬೇರೆ ಜಾಗ ಕೊಡಲು ಬರುವುದಿಲ್ಲ ಎಂದು ಮೇಲಿನಿಂದ ಉತ್ತರ ಬಂತು. ತಂಗವೇಲು ಡಬ್ಬಗಳ ಪಕ್ಕ ಕೂತು, ಎರಡು ದಿನ ನೀರು ಹಾಕಿದ. ಅವನ ಸಂಕಟ ನೋಡಲಾರದೆ ಜಡೇಸ್ವಾಮಿಯೇ ಹೇಳಿದ:

"ಬೇಲೀಲಿ ಕಂಡಿ ಅವ ಸಾ. ಗೂಟಕ್ಕ ಅಂತ ನಾನು ಕಡ್ದಿದ್ನಲ್ಲ, ಅಲ್ಲಿ. ತುಂಬ್ಸ್ಬುಡವು."

ಇಬ್ಬರೂ ಸೇರಿ ಕಡಲು ದಾಟಿ ಬಂದ ಸಸಿಗಳನ್ನು ಬೇಲಿಯ ಕಂಡಿಗಳಿಗೆ ನೆಟ್ಟರು. ಬಿಳಿಗಿರಿಯ ಆಡುಗಳು ವಾರದೊಳಗೆ ಬಹುಪಾಲನ್ನು ತಿಂದು ಮುಗಿಸಿದವು. ಉಳಿದ ಎರಡು ಮುಳ್ಳಿನ ಮರೆಯಲ್ಲಿ ಹೇಗೋ ಬೇರೂರಿ ನಿಂತವು. ಬೇಲಿಯಲ್ಲಿದ್ದದ್ದರಿಂದ ಜನ ಅವನ್ನು ಕಿಳುವೆ ಎಂದೇ ಕರೆದರು. ಹೊಲದೊಳಗಿನ ಕಿಳುವೆಗೆ ಆಲಿವ್ ಎಂಬ ಹೆಸರು ಆಗಲೇ ನಿಂತುಹೋಗಿತ್ತು.

ಎಂಬತ್ತರ ಸುಮಾರಿಗೆ ಯೋಜನೆ ಮುಗಿಯಿತು. ತಂಗವೇಲುವನ್ನು ಕೆಳಗಿನ ಸೀಮೆಗೆ, ರೇಷ್ಮೆಹುಳದ ಕೆಲಸಕ್ಕೆ ಹಾಕಿದರು. ಹೊರಡುವ ದಿನ ಹೊಲಕ್ಕೆ ಬಂದು, ತಾನೇ ಕಟ್ಟಿದ ಹಗ್ಗವನ್ನು ಬಿಚ್ಚಿ ಸುರುಳಿ ಸುತ್ತಿ ಶಿವನಂಜಮ್ಮನ ಕೈಗೆ ಕೊಟ್ಟ. ಹೊಲ ಇನ್ನು ನಿಮ್ಮಿಷ್ಟ ಐಯಾ ಎಂದು ಜಡೇಸ್ವಾಮಿಯ ಎರಡೂ ಕೈ ಹಿಡಿದುಕೊಂಡ. ಇಷ್ಟು ವರ್ಷ ತನ್ನ ಮಣ್ಣನ್ನು ತನ್ನಷ್ಟೇ ದಿಟ್ಟಿಸಿ ನೋಡಿದ ಇನ್ನೊಬ್ಬ ಮನುಷ್ಯ ಅವನೊಬ್ಬನೇ ಎಂದು ಬಸ್ಸು ಹೋದ ಮೇಲೆ ಜಡೇಸ್ವಾಮಿಗೆ ಹೊಳೆಯಿತು.

ಮುಂದಿನ ಮಳೆ ಬಿದ್ದು ಹದವಾದ ಬೆಳಗ್ಗೆ ಜಡೇಸ್ವಾಮಿ ಎತ್ತು ಹೂಡಿಕೊಂಡು ನೇರ ಪಡುವಲ ಅರ್ಧಕ್ಕೆ ಹೋದ. ಇಷ್ಟು ವರ್ಷ ಕಾದ ಕೈಗಳು. ಮೇಣಿ ಒತ್ತಿ ಎತ್ತನ್ನು ಚಪ್ಪರಿಸಬೇಕು, ನೋಡಿದರೆ ಮುಂದೆಯೇ ಶಿವನಂಜಮ್ಮ ಕುಕ್ಕರಿಸಿಕೊಂಡು ಕೂತಿದ್ದಳು, ಕೈಯಲ್ಲಿ ಕುಡುಗೋಲು.

"ಏನಮ್ಮಿ ಇದು?"

"ಉಲ್ಲು ಕುಯ್ತಾ ಇವ್ನಿ."

"ನಾನು ಉಳ್ಬೇಕಲ್ಲ."

"ಉಳಿ. ಯಾ‌ರು ಬ್ಯಾಡ ಅಂದರು? ಮಣ್ಣಿನ್ ಅಡೀಕ ಓದ್ ಉಲ್ಲು ಎಮ್ಮಗ ಸಿಕ್ಕದಾ? ನಾನು ಕುಯ್ಕಂಡ್ ಮುಂದಕ ಓಯ್ತಿನಿ, ನೀವು ಇಂದ ಬನ್ನಿ."

ಅವಳು ಅವಸರ ಮಾಡಲಿಲ್ಲ. ಒಂದು ಹಿಡಿ ಕುಯ್ಯುವುದು, ಮಣ್ಣು ಕೊಡವುವುದು, ಪಕ್ಕಕ್ಕಿಡುವುದು, ಒಂದು ಹೆಜ್ಜೆ ಮುಂದೆ ಜರುಗುವುದು. ಅವಳು ಜರುಗಿದರೆ ಅವನು ಒಂದು ಹೆಜ್ಜೆ ಉಳುವುದು, ನಿಲ್ಲುವುದು. ನಿಂತಾಗಲೆಲ್ಲ ಎತ್ತುಗಳು ಕುಯ್ದಿಟ್ಟ ಹುಲ್ಲಿಗೆ ಬಾಯಿ ಹಾಕಿ, ಅಗಿಯುವುದು ಮುಗಿಯುವ ತನಕ ಎಳೆಯಲು ಒಲ್ಲೆ ಅನ್ನುತ್ತಿದ್ದವು. ಸಾಲು ಹಾವು ಹರಿದ ಹಾಗಾಯಿತು. ಜಡೇಸ್ವಾಮಿ ಮೊದಲು ಗದರಿದ, ಆಮೇಲೆ ಗೊಣಗಿದ, ಆಮೇಲೆ ಸುಮ್ಮನಾದ.

ಹೊತ್ತು ನೆತ್ತಿಗೆ ಬಂದರೂ ಆದದ್ದು ಬದುವಿನ ಪಕ್ಕ ಒಂದು ಚಾಪೆ ಅಗಲದ ಪಟ್ಟಿ. ಶಿವನಂಜಮ್ಮ ಬುತ್ತಿ ಬಿಚ್ಚಿದಳು. ರೊಟ್ಟಿ, ಹುರುಳಿ ಚಟ್ನಿ. ಅವನು ನೊಗ ಕಳಚಿ ಎತ್ತುಗಳನ್ನು ಹುಲ್ಲಿಗೆ ಬಿಟ್ಟು ಬಂದು ಕೂತ.

"ನಾಳಕ ಎಲ್ಲಿಗಂಟ ಕುಯ್ದೀಯೆ?" ಎಂದು ಕೇಳಿದ.

"ನಾಳಕ ತಾಳ್ವಾಡಿ ಸಂತ."

"ನಾಡಿದ್ದು?"

"ನಾಡಿದ್ದಿಂದು ನಾಡಿದ್ದು ನೋಡವು."

ಸಿಟ್ಟು ಬರಬೇಕಿತ್ತು. ಬರುತ್ತದೋ ಎಂದು ಜಡೇಸ್ವಾಮಿ ಸ್ವಲ್ಪ ಹೊತ್ತು ಕಾದೂ ನೋಡಿದ. ರೊಟ್ಟಿ ಮುಗಿಸಿ, ಕೈ ತೊಳೆದು, ಉಳದ ಹುಲ್ಲಿನ ಮೇಲೆ ಅಂಗಾತ ಒರಗಿದ. ಹಸಿ ನೆಲದ ತಂಪು ಬೆನ್ನಿಗೆ ಹತ್ತಿತು. ಈ ಹೊಲದಲ್ಲಿ ಅವನು ಇದುವರೆಗೆ ಒಮ್ಮೆಯೂ ಮಲಗಿರಲಿಲ್ಲ. ಉತ್ತ ಹೊಲದಲ್ಲಿ ಮಲಗುವುದು ಹೇಗೆ, ಹೆಂಟೆ ಒತ್ತುತ್ತದೆ. ಕಣ್ಣು ಮುಚ್ಚಿಕೊಂಡು ಬರುತ್ತಿತ್ತು.

"ವಸಿ ಅತ್ಲಾಗ್ ಜರೀಕಳಿ" ಎಂದಳು ಶಿವನಂಜಮ್ಮ, ಕುಡುಗೋಲು ಎತ್ತಿಕೊಂಡು. "ಅಲ್ಲೂ ಕುಯ್ಬೇಕು."

ಅವನು ಕಣ್ಣು ಬಿಡದೆ ಒಂದು ಮಗ್ಗುಲು ಆ ಕಡೆ ಉರುಳಿದ.